ಕಡ ತಂದ ರಿಜಿಸ್ಟರು

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ‘ಕೆಪ್ರೋಬ್ಸ್’ ಎಂಬ ಭಾಗವಿದೆ. ಓಡುತ್ತಿರುವ ಕರ್ನೆಲ್ಲನ್ನು ನಿಲ್ಲಿಸದೆ, ಮರುಜೋಡಿಸದೆ, ಅದರೊಳಗೆ ಬೇಕಾದ ಕಡೆ ಇಣುಕಿ ನೋಡುವ ಸೌಲಭ್ಯ ಅದು. ಅದರ ಕಡತ ತೆರೆದರೆ ಆರಂಭದಲ್ಲೇ ಕೆಲಸ ಮಾಡಿದವರ ಹೆಸರುಗಳಿವೆ: 2002ರ ಅಕ್ಟೋಬರ್‌ನಲ್ಲಿ ವಂಸಿ ಕೃಷ್ಣ, 2004ರಲ್ಲಿ ಪ್ರಸನ್ನ ಪಂಚಮುಖಿ ಮತ್ತು ಸುಪರ್ಣಾ ಭಟ್ಟಾಚಾರ್ಯ. ಅದೇ ವರ್ಷದ ನವೆಂಬರ್‌ನಲ್ಲಿ ಇದನ್ನು ಪವರ್‌ಪಿಸಿ ಪ್ರೊಸೆಸರ್‌ಗೆ ಒಗ್ಗಿಸಿದವರು ಅನಂತ್ ಮಾವಿನಕಾಯನಹಳ್ಳಿ. ಈ ನಾಲ್ವರೂ ಐಬಿಎಂ ಇಂಡಿಯಾದವರು. ಆ ಕಂಪನಿಯ ಬೆಂಗಳೂರಿನ ಲಿನಕ್ಸ್ ಕೇಂದ್ರದ ದೊಡ್ಡ ಕೊಡುಗೆಗಳಲ್ಲಿ ಇದೊಂದು.

ಬೆಂಗಳೂರಿನ ಸಾಫ್ಟ್‌ವೇರ್ ಎಂದರೆ ಹೊರಗುತ್ತಿಗೆ ಎಂದಷ್ಟೇ ತಿಳಿದವರು ಈ ಕಸುಬಿನ ಸೂಕ್ಷ್ಮವನ್ನು ನೋಡಬೇಕು.

ರಿಜಿಸ್ಟರುಗಳು ಪ್ರೊಸೆಸರ್‌ನ ಒಳಗೇ ಇರುವ ಪುಟ್ಟ ಜಾಗಗಳು. 32 ಬಿಟ್‌ನ ಇಂಟೆಲ್ ಯಂತ್ರದಲ್ಲಿ ಸಾಮಾನ್ಯ ಬಳಕೆಗೆ ಇರುವುದು ಎಂಟೇ. ಲೆಕ್ಕ, ವಿಳಾಸ ಎಲ್ಲವೂ ಅವುಗಳಲ್ಲೇ ಓಡಾಡುತ್ತವೆ. ಕೆಪ್ರೋಬ್ಸ್ ತನಗೆ ಬೇಕಾದ ಆದೇಶದ ಮೊದಲ ಬೈಟನ್ನು ತೆಗೆದು, ಅಲ್ಲಿ ಒಂದೇ ಬೈಟಿನ ತಡೆ ಆದೇಶವನ್ನು ಕೂರಿಸುತ್ತದೆ. ಪ್ರೊಸೆಸರ್ ಅಲ್ಲಿಗೆ ಬಂದಾಗ ನಿಲ್ಲುತ್ತದೆ. ಅಸೆಂಬ್ಲಿ ಸಂಕೇತ ರಿಜಿಸ್ಟರುಗಳನ್ನೆಲ್ಲ ಮೆಮೊರಿಯಲ್ಲಿ ಒಂದರ ಮೇಲೊಂದು ಪೇರಿಸುವ ಜಾಗವಾದ ಸ್ಟ್ಯಾಕ್‌ನಲ್ಲಿ ಜೋಡಿಸಿಡುತ್ತದೆ. ತಪಾಸಣೆ ಮುಗಿದ ಮೇಲೆ ಎಲ್ಲವನ್ನೂ ಮರಳಿಸುತ್ತದೆ. ಪಕ್ಕದ ಮನೆಯಿಂದ ಕಡ ತಂದ ಪಾತ್ರೆಯನ್ನು ತಂದಂತೆಯೇ ಹಿಂದಿರುಗಿಸುವ ನಿಯತ್ತು ಇಲ್ಲಿ ಬೇಕು. ಒಂದು ರಿಜಿಸ್ಟರ್ ಕೆಟ್ಟರೂ ಕುಸಿತ ಅಲ್ಲೇ ಕಾಣುವುದಿಲ್ಲ. ಇನ್ನೆಲ್ಲೋ, ಸಂಬಂಧವೇ ಇಲ್ಲದ ಫಂಕ್ಷನ್‌ನಲ್ಲಿ ಯಂತ್ರ ಮುಗ್ಗರಿಸುತ್ತದೆ.

ಮೂಲ ವಿನ್ಯಾಸದಲ್ಲಿ, ತೆಗೆದಿಟ್ಟ ಆದೇಶದ ಪ್ರತಿಯನ್ನು ಬೇರೆ ಜಾಗದಲ್ಲಿ ಒಂದೇ ಹೆಜ್ಜೆ ಓಡಿಸುತ್ತಿದ್ದರು. ಅದಕ್ಕಾಗಿ ಫ್ಲ್ಯಾಗ್ಸ್ ರಿಜಿಸ್ಟರ್‌ನ ಒಂದು ಬಿಟ್ ಏರಿಸಬೇಕು. ಆ ಆದೇಶವೇ ಫ್ಲ್ಯಾಗ್ಸನ್ನು ಸ್ಟ್ಯಾಕ್‌ಗೆ ತಳ್ಳುವಂಥದ್ದಾದರೆ ಏರಿಸಿದ ಬಿಟ್ಟೂ ಅದರ ಜೊತೆ ಹೋಗಿಬಿಡುತ್ತದೆ, ಹುಡುಕಿ ಒರೆಸಬೇಕು. ಅದು ‘ಕಾಲ್’ ಆದೇಶವಾದರೆ ಮರಳಿ ಬರುವ ವಿಳಾಸ ಪ್ರತಿಯ ಪಕ್ಕದ್ದಾಗಿರುತ್ತದೆ. ಅದನ್ನು ಮೂಲ ಸ್ಥಳಕ್ಕೆ ತಿದ್ದಬೇಕು. ಈ ಎರಡೂ ತಿದ್ದುಪಡಿಗಳನ್ನು ಬರೆದವರು ಸಂಕೇತದಲ್ಲೇ ಟಿಪ್ಪಣಿಯಾಗಿ ವಿವರಿಸಿದ್ದಾರೆ. ಯಂತ್ರದ ನಡತೆಯನ್ನು ಇಷ್ಟು ಹತ್ತಿರದಿಂದ ಕಂಡವರ ಬರವಣಿಗೆ ಅದು ಎಂಬುದು ಓದಿದರೆ ತಿಳಿಯುತ್ತದೆ.

ಇನ್ನೊಂದು ಬಲೆ ಹಳೆಯ 32 ಬಿಟ್ ಇಂಟೆಲ್‌ನದು. ಕರ್ನೆಲ್ ಓಡುತ್ತಿರುವಾಗಲೇ ತಡೆ ಬಂದರೆ ಪ್ರೊಸೆಸರ್ ಸ್ಟ್ಯಾಕ್‌ನ ತುದಿ ತೋರಿಸುವ ‘ಸ್ಟ್ಯಾಕ್ ಪಾಯಿಂಟರ್’ ರಿಜಿಸ್ಟರನ್ನು ಉಳಿಸುವುದೇ ಇಲ್ಲ. ಜೋಡಿಸಿಟ್ಟ ಪಟ್ಟಿಯಲ್ಲಿ ಅದರ ಮನೆ ಇರುತ್ತಿತ್ತು, ಒಳಗಿನ ಮೌಲ್ಯ ಮಾತ್ರ ಅದರದ್ದಾಗಿರಲಿಲ್ಲ. ಆ ಮನೆಯ ವಿಳಾಸವೇ ನಿಜವಾದ ಸ್ಟ್ಯಾಕ್ ಪಾಯಿಂಟರ್ ಆಗಿತ್ತು. ಇದನ್ನು ಮರೆತ ಸಂಕೇತ ಕಸವನ್ನು ಓದುತ್ತಿತ್ತು. ಪಟ್ಟಿಯನ್ನು ಸದಾ ಪೂರ್ಣವಾಗಿ ತುಂಬುವ ಏರ್ಪಾಡು ಲಿನಕ್ಸ್‌ಗೆ ಬಂದದ್ದು 2019ರಲ್ಲಿ.

ಇಂಥ ದೋಷ ಹಿಡಿಯಲು ಸಲಕರಣೆಗಳೇನೂ ಬಹಳ ಇಲ್ಲ. ಕುಸಿದಾಗ ಕರ್ನೆಲ್ ಮುದ್ರಿಸುವ ‘ಊಪ್ಸ್’ ಸಂದೇಶದಲ್ಲಿ ಪ್ರತಿ ರಿಜಿಸ್ಟರ್‌ನ ಮೌಲ್ಯ ಇರುತ್ತದೆ. ಅದನ್ನು ಮುಂದಿಟ್ಟುಕೊಂಡು ಅಸೆಂಬ್ಲಿಯ ಸಾಲು ಸಾಲನ್ನೂ ಹಿಮ್ಮುಖವಾಗಿ ಓದುತ್ತಾ, ಸ್ಟ್ಯಾಕ್‌ಗೆ ತಳ್ಳುವ ಯಾವ ‘ಪುಶ್’ಗೆ ಅದರಿಂದ ತೆಗೆಯುವ ಯಾವ ‘ಪಾಪ್’ ಎಂದು ತಾಳೆ ನೋಡಬೇಕು. ಆತುರಗಾರರಿಗೆ ಒಲಿಯುವ ವಿದ್ಯೆಯಲ್ಲ.

2006ರ ಒಟ್ಟಾವಾ ಲಿನಕ್ಸ್ ಸಮ್ಮೇಳನಕ್ಕೆ ಅನಂತ್, ಪ್ರಸನ್ನ ಹಾಗೂ ಸಂಗಡಿಗರು ಕೆಪ್ರೋಬ್ಸ್‌ನ ಒಳಗನ್ನು ಬಿಡಿಸಿ ಹೇಳುವ ಪ್ರಬಂಧ ಬರೆದರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಸೆಂಬ್ಲಿ ಕಲಿಸುವ ಮೇಷ್ಟ್ರುಗಳು ಲ್ಯಾಬ್‌ನ ಹಳೆಯ ಲೆಕ್ಕಗಳ ಜೊತೆಗೆ ಆ ಪ್ರಬಂಧವನ್ನೂ ಕೆಪ್ರೋಬ್ಸ್‌ನ ಕಡತವನ್ನೂ ಮಕ್ಕಳ ಕೈಗೆ ಕೊಡಲಿ. ಓದಲು ಕಾಸು ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ.