ಸುತ್ತಿಗೆ ಹಿಡಿದ ಅಹಿಂಸೆ

1996ರ ಜನವರಿ 29. ಇಂಗ್ಲೆಂಡಿನ ಲ್ಯಾಂಕಾಷೈರ್‌ನ ವಾರ್ಟನ್‌ನಲ್ಲಿರುವ ಬ್ರಿಟಿಷ್ ಏರೋಸ್ಪೇಸ್ ಕಾರ್ಖಾನೆಯ ಬೇಲಿ ಕತ್ತರಿಸಿ ಮೂವರು ಹೆಂಗಸರು ಒಳಹೊಕ್ಕರು. ಹ್ಯಾಂಗರ್‌ನ ಬಾಗಿಲು ಮೀಟಿದರು. ಒಳಗೆ ಇಂಡೊನೇಷ್ಯಾಕ್ಕೆ ಹೊರಡಬೇಕಿದ್ದ ಹಾಕ್ ಯುದ್ಧವಿಮಾನ ನಿಂತಿತ್ತು. ಆಂಡ್ರಿಯಾ ನೀಡಮ್, ಜೊವಾನಾ ವಿಲ್ಸನ್ ಮತ್ತು ಸ್ವೀಡನ್ನಿನ ಲೊಟ್ಟಾ ಕ್ರೊನ್‌ಲಿಡ್ ಸಾಮಾನ್ಯ ಸುತ್ತಿಗೆಗಳಿಂದ ಅದರ ಮೂತಿಯನ್ನೂ ನಿಯಂತ್ರಣ ಫಲಕವನ್ನೂ ಜಜ್ಜಿದರು. ಕಾರಣ ವಿವರಿಸುವ ವಿಡಿಯೊವೊಂದನ್ನು ಪೈಲಟ್ ಕೂರುವ ಜಾಗದಲ್ಲಿ ಇಟ್ಟರು. ಓಡಿಹೋಗಲಿಲ್ಲ. ಎಷ್ಟು ಹೊತ್ತಾದರೂ ಯಾರೂ ಬಾರದಿದ್ದಾಗ ಅಲ್ಲಿನ ಫೋನಿನಿಂದ ತಾವೇ ಸುದ್ದಿ ಮುಟ್ಟಿಸಿ, ಬಂಧನಕ್ಕೆ ಕಾದರು. ಈ ಕೆಲಸವನ್ನು ತಾನೂ ಮುಂದುವರಿಸುವುದಾಗಿ ಬಹಿರಂಗವಾಗಿ ಸಾರಿದ ಆಂಜಿ ಜೆಲ್ಟರ್ ವಾರದ ಬಳಿಕ ಬಂಧಿತರಾದರು. ನಷ್ಟದ ಅಂದಾಜು ಸುಮಾರು 15 ಲಕ್ಷ ಪೌಂಡ್.

ಆ ವಿಮಾನ ಪೂರ್ವ ಟಿಮೋರ್‌ನ ಮೇಲೆ ಹಾರಲಿದೆ ಎಂಬುದೇ ಅವರ ಆತಂಕ. ಪೋರ್ಚುಗೀಸರ ವಸಾಹತಾಗಿದ್ದ ಆ ಪುಟ್ಟ ನಾಡನ್ನು ಇಂಡೊನೇಷ್ಯಾದ ಸೇನೆ 1975ರ ಡಿಸೆಂಬರ್ 7ರಂದು ಆಕ್ರಮಿಸಿತು. ಮುಂದಿನ 24 ವರ್ಷಗಳಲ್ಲಿ ಹತ್ಯೆ, ಹಸಿವು, ಕಾಯಿಲೆಗಳಿಗೆ ಕನಿಷ್ಠ ಒಂದು ಲಕ್ಷ ಜನ ಬಲಿಯಾದರೆಂದು ಆ ದೇಶದ ಸತ್ಯಶೋಧನಾ ಆಯೋಗ ಲೆಕ್ಕ ಹಾಕಿದೆ. 1991ರ ನವೆಂಬರ್ 12ರಂದು ದಿಲಿ ನಗರದ ಸಾಂತಾ ಕ್ರೂಸ್ ಸ್ಮಶಾನದಲ್ಲಿ ಸೇರಿದ್ದ ಜನರ ಮೇಲೆ ಸೈನಿಕರು ಗುಂಡಿನ ಮಳೆಗರೆದರು. ಇಷ್ಟಾದ ಮೇಲೂ ಬ್ರಿಟನ್ 24 ಹಾಕ್ ವಿಮಾನಗಳ ಮಾರಾಟಕ್ಕೆ ಒಪ್ಪಿತು. ಟಿಮೋರ್‌ನಲ್ಲಿ ಅವನ್ನು ಬಳಸುವುದಿಲ್ಲವೆಂಬ ಇಂಡೊನೇಷ್ಯಾದ ಭರವಸೆಯೇ ಸರ್ಕಾರಕ್ಕೆ ಸಾಕಾಗಿತ್ತು.

ಈ ಮಹಿಳೆಯರ ಹಿಂದೆ ಒಂದು ಧರ್ಮಶ್ರದ್ಧೆಯ ಪರಂಪರೆಯಿದೆ. ಕತ್ತಿಗಳನ್ನು ಬಡಿದು ನೇಗಿಲ ಗುಳಗಳನ್ನಾಗಿಸುವ ಕಾಲ ಬರುತ್ತದೆಂದು ಬೈಬಲ್‌ನ ಪ್ರವಾದಿ ಯೆಶಾಯ ಕಂಡ ಕನಸೇ 'ಪ್ಲೌಷೇರ್ಸ್' ಚಳವಳಿಯ ಬೇರು. 1980ರ ಸೆಪ್ಟೆಂಬರ್‌ನಲ್ಲಿ ಜೆಸ್ವಿಟ್ ಪಾದ್ರಿ ಡೇನಿಯಲ್ ಬೆರಿಗನ್, ಅವರ ತಮ್ಮ ಫಿಲಿಪ್ ಮತ್ತು ಇತರ ಆರು ಮಂದಿ ಅಮೆರಿಕದ ಪೆನ್ಸಿಲ್ವೇನಿಯಾದ ಕಾರ್ಖಾನೆಯೊಂದರಲ್ಲಿ ಅಣ್ವಸ್ತ್ರ ಕ್ಷಿಪಣಿಯ ಮೂತಿಗಳನ್ನು ಸುತ್ತಿಗೆಯಿಂದ ಬಡಿದಾಗ ಅದು ಮೊದಲಾಯಿತು. ಯಾರ ಮೈಗೂ ನೋವಾಗಬಾರದು, ತಪ್ಪಿಸಿಕೊಳ್ಳಬಾರದು, ಮಾಡಿದ್ದಕ್ಕೆ ನ್ಯಾಯಾಲಯದಲ್ಲಿ ಎದುರು ನಿಂತು ಉತ್ತರಿಸಬೇಕು: ಇದು ಅವರ ವ್ರತ.

ಆಸ್ತಿ ಒಡೆಯುವುದು ಅಹಿಂಸೆಯೇ ಎಂದು ಕೇಳುವವರಿದ್ದಾರೆ. ಗಾಂಧಿಯನ್ನು ಕಂಡ ನಮಗೆ ಈ ಪ್ರಶ್ನೆ ಹೊಸದಲ್ಲ. 1908ರ ಆಗಸ್ಟ್ 16ರಂದು ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಅಂಗಳದಲ್ಲಿ ಗಾಂಧಿ ಮುಂದಾಳತ್ವದಲ್ಲಿ ಭಾರತೀಯರು ತಮ್ಮ ನೋಂದಣಿ ಪತ್ರಗಳನ್ನು ರಾಶಿ ಹಾಕಿ ಸುಟ್ಟರು. ಸುಟ್ಟದ್ದು ತಮ್ಮದೇ ಕಾಗದ, ಒಡೆದದ್ದು ಕಂಪನಿಯ ವಿಮಾನ. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ಊರಿನ ಮೇಲೆ ಬಾಂಬು ಹಾಕಲು ಹೊರಟ ಯಂತ್ರವನ್ನು ಕೆಡಿಸುವುದನ್ನು ಮನುಷ್ಯರನ್ನು ಕೊಲ್ಲುವುದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ.

ವಿಚಾರಣೆಗೆ ಮುನ್ನವೇ ಆರು ತಿಂಗಳು ಜೈಲಿನಲ್ಲಿ ಕಳೆದ ನಾಲ್ವರೂ ಜುಲೈನಲ್ಲಿ ಲಿವರ್‌ಪೂಲ್ ಕ್ರೌನ್ ಕೋರ್ಟಿನ ಕಟಕಟೆ ಹತ್ತಿದರು. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧಿ ಆರೋಪ ಒಪ್ಪಿಕೊಂಡು ಅತಿ ಕಠಿಣ ಶಿಕ್ಷೆಯನ್ನೇ ಕೇಳಿದ್ದರು. ಇವರ ದಾರಿ ಬೇರೆ. ವಿಮಾನ ಒಡೆದದ್ದು ನಿಜ, ಆದರೆ ಅದು ಅಪರಾಧವಲ್ಲ ಎಂದರು. ಅಪರಾಧವೊಂದನ್ನು ತಡೆಯಲು ಸಮಂಜಸವಾದಷ್ಟು ಬಲ ಬಳಸಬಹುದೆಂದು 1967ರ ಬ್ರಿಟಿಷ್ ಕ್ರಿಮಿನಲ್ ಕಾನೂನು ಹೇಳುತ್ತದೆ. ನರಮೇಧಕ್ಕಿಂತ ದೊಡ್ಡ ಅಪರಾಧ ಯಾವುದು ಎಂಬುದು ಅವರ ವಾದ. ಪತ್ರಕರ್ತ ಜಾನ್ ಪಿಲ್ಜರ್, ಟಿಮೋರ್‌ನ ನಾಯಕ ಜೋಸೆ ರಾಮೋಸ್ ಹೋರ್ಟಾ ಬಂದು ಸಾಕ್ಷ್ಯ ನುಡಿದರು. ಜುಲೈ 30ರಂದು ಜ್ಯೂರಿ ನಾಲ್ವರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಕೆಲವೇ ತಿಂಗಳಲ್ಲಿ ರಾಮೋಸ್ ಹೋರ್ಟಾ ನೊಬೆಲ್ ಶಾಂತಿ ಪುರಸ್ಕಾರ ಹಂಚಿಕೊಂಡರು.

ತೀರ್ಪಿನಿಂದ ಮಾರಾಟವೇನೂ ನಿಲ್ಲಲಿಲ್ಲ. ವಿಮಾನಗಳು ಇಂಡೊನೇಷ್ಯಾ ತಲುಪುತ್ತಲೇ ಇದ್ದವು. ಟಿಮೋರ್‌ಗೆ ಬಿಡುಗಡೆ ತಂದದ್ದು ಮುಖ್ಯವಾಗಿ ಅಲ್ಲಿನ ಜನರ ಹಟ. 1999ರ ಆಗಸ್ಟ್ 30ರ ಜನಮತಗಣನೆಯಲ್ಲಿ ಬೆದರಿಕೆಗಳ ನಡುವೆಯೇ ಶೇ 78.5ರಷ್ಟು ಮಂದಿ ಸ್ವಾತಂತ್ರ್ಯದ ಪರ ನಿಂತರು. 2002ರ ಮೇ 20ರಂದು ಹೊಸ ರಾಷ್ಟ್ರ ಉದಯಿಸಿತು.

ಹಾಗಾದರೆ ಸುತ್ತಿಗೆಯ ಏಟಿನಿಂದ ಆದದ್ದೇನು? 'ಮಾರುವುದಷ್ಟೇ ನಮ್ಮ ಕೆಲಸ, ಕೊಲ್ಲುವವರು ಬೇರೆಯವರು' ಎಂಬ ಸಬೂಬು ಒಂದು ನ್ಯಾಯಾಲಯದಲ್ಲಿ, ಪ್ರಮಾಣ ಮಾಡಿ ಕುಳಿತ ಸಾಮಾನ್ಯ ಜನರ ಮುಂದೆ ಸೋತಿತು. ಆ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಗಾಜಾದಲ್ಲಿ ಕದನವಿರಾಮ ಕೋರಿ ವಾಷಿಂಗ್ಟನ್ನಿನ ಸಂಸತ್ತಿನ ಕಚೇರಿ ಕಟ್ಟಡದಲ್ಲಿ ಕುಳಿತ ಯಹೂದಿ ಪ್ರತಿಭಟನಕಾರರಲ್ಲಿ ನೂರಾರು ಮಂದಿ ಬಂಧಿತರಾದರು, ರಬ್ಬಿಗಳೂ ಅವರೊಂದಿಗಿದ್ದರು. ಆಯುಧ ಒದಗಿಸುವ ಸರ್ಕಾರದ ಹೊಣೆಯಲ್ಲಿ ತೆರಿಗೆ ಕಟ್ಟುವ ಪ್ರಜೆಗೂ ಪಾಲಿದೆ ಎಂದು ಅಂಥವರು ನಂಬುತ್ತಾರೆ. ಪ್ರಾರ್ಥನೆ ಮಾಡುವ ಬಾಯಿ ಕೊಲೆಯ ಮುಂದೆ ಮುಚ್ಚಿರಬಾರದೆಂಬ ಆ ನಂಬಿಕೆ ಕಟಕಟೆಗೆ ಬಂದು ನಿಂತಾಗ, ಅದರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು ನ್ಯಾಯದ ಮೊದಲ ಕೆಲಸ.