ಮೇಲೆ ಬಿಗಿ, ಕೆಳಗೆ ಸಡಿಲ: ರೋಟರಿ ಟೇಬಲ್ ಮೇಲೆ ಲೇತ್ ಚಕ್

ದುಂಡು ಫ್ಲಾಂಜಿನ ಸುತ್ತ ಸಮ ಅಂತರದಲ್ಲಿ ಆರು ತೂತು ಹಾಕಬೇಕು, ಇಲ್ಲವೇ ಶಾಫ್ಟಿನ ತುದಿಯನ್ನು ಷಟ್ಕೋನ ಮಾಡಬೇಕು. ಪೀಣ್ಯದಂಥ ಕಡೆಯ ಸಣ್ಣ ವರ್ಕ್‌ಶಾಪುಗಳಿಗೆ ಇಂಥ ರಿಪೇರಿ ಜಾಬ್ ಬರುವುದು ಒಂದೋ ಎರಡೋ ಎಂಬ ಲೆಕ್ಕದಲ್ಲಿ. ದುಂಡಗೆ ತಿರುವಿ ಕೊಡುವುದು ಲೇತ್. ಆ ದುಂಡನ್ನು ಪಾಲು ಮಾಡಲು ಮಿಲ್ಲಿಂಗ್ ಮಷಿನ್ ಬೇಕು, ಅದರ ಮೇಲೊಂದು ರೋಟರಿ ಟೇಬಲ್ ಬೇಕು. ಟೇಬಲ್ಲಿನ ಒಳಗೆ ವರ್ಮ್ ಗೇರ್ ಇರುತ್ತದೆ. 90:1 ಅನುಪಾತದ್ದಾದರೆ ಹ್ಯಾಂಡಲ್ ಒಂದು ಸುತ್ತು ತಿರುಗಿದಾಗ ಟೇಬಲ್ 4 ಡಿಗ್ರಿ ತಿರುಗುತ್ತದೆ. ಆರು ತೂತಿಗೆ ತಲಾ 15 ಸುತ್ತು. ಗೇರಿನ ಸಡಿಲ ಲೆಕ್ಕ ಕೆಡಿಸಬಾರದೆಂದರೆ ಕೊನೆಯವರೆಗೂ ಒಂದೇ ದಿಕ್ಕಿಗೆ ತಿರುಗಿಸಬೇಕು. ಆದರೆ ಟೇಬಲ್ಲಿನ ಮೈಮೇಲೆ ಇರುವುದು ಟಿ-ಸ್ಲಾಟ್ ಮಾತ್ರ. ದುಂಡು ಜಾಬನ್ನು ಚಟ್ಟನೆ ಹಿಡಿಯಲು ಲೇತಿನ ಮೂರು ಜಾ ಚಕ್ಕಿನಷ್ಟು ಒಗ್ಗುವ ಸಾಧನ ಬೇರೊಂದಿಲ್ಲ.

ಬಹುತೇಕ ಚಕ್ಕುಗಳಿಗೆ ಬೋಲ್ಟ್ ಹಿಂದಿನಿಂದ ಬರುತ್ತದೆ. ಆ ತೂತುಗಳಿಗೂ ಟಿ-ಸ್ಲಾಟಿಗೂ ತಾಳೆಯಾಗುವುದು ಅಪರೂಪ. ಹಾಗಾಗಿ ನಡುವೆ ಒಂದು ಪ್ಲೇಟ್ ಬೇಕು. ಚಕ್ಕಿಗಿಂತ ಅಗಲವಾದ ಪ್ಲೇಟಿನ ಮೇಲ್ಮೈಯಲ್ಲಿ ತಿರುವಿದ ಸ್ಟೆಪ್ ಚಕ್ಕಿನ ಬೆನ್ನಿನ ಗುಳಿಯೊಳಗೆ ಕೂರುತ್ತದೆ. ಕೆಳಗಿನಿಂದ ಬರುವ ಅಲನ್ ಬೋಲ್ಟುಗಳ ತಲೆ ಪ್ಲೇಟಿನಲ್ಲೇ ಹೂತಿರುತ್ತದೆ. ಹೊರಗೆ ಉಳಿದ ಅಂಚನ್ನು ಟಿ-ಬೋಲ್ಟು ಹಾಕಿ ಟೇಬಲ್ಲಿಗೆ ಬಿಗಿಯುತ್ತಾರೆ. ಪ್ಲೇಟಿನ ಕೆಳಮೈಯಲ್ಲಿ ಇನ್ನೊಂದು ಗುಬ್ಬು ಬಿಟ್ಟು, ಟೇಬಲ್ಲಿನ ನಡುತೂತಿಗೆ ಅದನ್ನು ಬಿಗಿಯಾಗಿ ಕೂರಿಸಿಬಿಟ್ಟರೆ ಸೆಂಟರ್ ತಾನಾಗಿ ಬರುತ್ತದೆಂಬ ನಂಬಿಕೆ ಅನೇಕರದು. ನನ್ನ ವಾದ ಇದಕ್ಕೆ ತದ್ವಿರುದ್ಧ: ಮೇಲಿನ ಸ್ಟೆಪ್ ಬಿಗಿಯಾಗಿರಲಿ, ಕೆಳಗಿನ ಗುಬ್ಬಿಗೆ ಅರ್ಧ ಮಿಲಿಮೀಟರಿನಷ್ಟು ಸಡಿಲ ಬಿಡಲೇಬೇಕು.

ಏಕೆಂದರೆ ಇಲ್ಲಿ ಕೂಡಿಸಬೇಕಾದ ಸೆಂಟರುಗಳು ಮೂರು: ಸ್ಪಿಂಡಲ್ಲಿನದು, ಟೇಬಲ್ಲಿನದು, ಜಾಬಿನದು. ಸ್ಪಿಂಡಲ್ ಮತ್ತು ಟೇಬಲ್ ಕೂಡದಿದ್ದರೆ ತೂತುಗಳ ವೃತ್ತವೇ ದೊಡ್ಡದೋ ಚಿಕ್ಕದೋ ಆಗುತ್ತದೆ. ಅಳತೆಗೆ ತಕ್ಷಣ ಸಿಕ್ಕಿಬೀಳುತ್ತದೆ. ಟೇಬಲ್ ಮತ್ತು ಜಾಬ್ ಕೂಡದಿದ್ದಾಗಿನ ತಪ್ಪು ಹಾಗಲ್ಲ. 100 ಮಿ.ಮೀ. ವ್ಯಾಸದ ವೃತ್ತದಲ್ಲಿ ಆರು ತೂತು ಹಾಕಿದರೆ ಪಕ್ಕಪಕ್ಕದ ತೂತುಗಳ ಸೆಂಟರಿನ ನಡುವೆ ಸರಿಯಾಗಿ 50 ಮಿ.ಮೀ. ಇರಬೇಕು. ವರ್ನಿಯರ್ ಹಿಡಿದು ನೋಡಿದರೆ ಎಲ್ಲವೂ 50 ಬರುತ್ತದೆ, ಆದರೂ ಇಡೀ ವೃತ್ತ ಫ್ಲಾಂಜಿನ ನಡುತೂತಿನಿಂದ ಪಕ್ಕಕ್ಕೆ ಸರಿದಿರುತ್ತದೆ. ಅದು ಗೊತ್ತಾಗುವುದು ಜೋಡಿಸುವಾಗ ಬೋಲ್ಟ್ ಒಳಹೋಗದೆ ನಿಂತಾಗಲೇ. ಮೂರು ಜಾ ಚಕ್ ಸ್ವಲ್ಪ ಸವೆದಿದ್ದರೂ ಜಾಬನ್ನು 0.05 ಮಿ.ಮೀ. ಪಕ್ಕಕ್ಕೆ ಹಿಡಿಯುವುದು ಮಾಮೂಲು. ಅಂಥ ಚಕ್ಕಿನ ಕೆಳಗೆ ಪ್ಲೇಟನ್ನು ಎಷ್ಟು ನಿಖರವಾಗಿ ಬಿಗಿದರೇನು ಫಲ? ಗುಬ್ಬು ಸಡಿಲವಿದ್ದರೆ ಟಿ-ಬೋಲ್ಟನ್ನು ಅರೆಬಿಗಿ ಮಾಡಿ, ಡಯಲ್ ಗೇಜನ್ನು ಜಾಬಿನ ಮೈಗೇ ತಾಗಿಸಿ, ಟೇಬಲ್ ತಿರುಗಿಸಿ ನೋಡಬಹುದು. ಮುಳ್ಳು ಒಟ್ಟು 0.10 ಓಡಿದರೆ ಸೆಂಟರ್ ತಪ್ಪಿರುವುದು ಅದರರ್ಧ, 0.05. ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಷ್ಟೇ ಸರಿಸಬೇಕು. ಆಗ ಚಕ್ಕಿನ ತಪ್ಪೂ ಸೇರಿ ತೊಲಗುತ್ತದೆ.

ಸಡಿಲ ಬಿಟ್ಟರೆ ಕಟಿಂಗ್ ವೇಳೆ ಚಕ್ ಜರುಗದೇ ಎಂಬ ಆಕ್ಷೇಪ ಸಹಜ. ಹಿಡಿದಿಡುವ ಕೆಲಸ ಬೋಲ್ಟಿನ ಒತ್ತಡದ್ದು, ಗುಬ್ಬಿನದಲ್ಲ. ಲೇತಿನಂತೆ ಇಲ್ಲಿ ಚಕ್ ರಭಸದಿಂದ ಸುತ್ತುವುದೂ ಇಲ್ಲ, ತೂತು ಹಾಕುವಾಗ ಟೇಬಲ್ ಲಾಕ್ ಆಗಿರುತ್ತದೆ. ಪ್ರತಿ ಸಲ ಡಯಲ್ ಹಿಡಿಯುವುದು ಸಮಯ ದಂಡ ಎನ್ನುವವರಿಗೆ ಅರ್ಧ ಒಪ್ಪಿಗೆ: ಬೋಲ್ಟಿನ ತಲೆಯಂಥ ಕೆಲಸಕ್ಕೆ ಅಷ್ಟು ನಿಖರತೆ ಬೇಕಿಲ್ಲ, ಬೇರಿಂಗ್ ಕೂರುವ ಫ್ಲಾಂಜಿಗೆ ಬೇಕೇ ಬೇಕು. ಸಿಎನ್‌ಸಿ ಇರುವಾಗ ಇದೆಲ್ಲ ಏಕೆ ಎಂದೂ ಕೇಳಬಹುದು. ನೂರಾರು ಪೀಸ್ ಇದ್ದರೆ ಸಿಎನ್‌ಸಿಯೇ ಸರಿ. ಒಂದು ಹಳೆಯ ಪಂಪಿನ ಫ್ಲಾಂಜಿಗೆ ಪ್ರೋಗ್ರಾಂ ಬರೆದು ಮಷಿನ್ ಸೆಟ್ ಮಾಡುವಷ್ಟರಲ್ಲಿ ಕೈಯಿಂದಲೇ ಕೆಲಸ ಮುಗಿದಿರುತ್ತದೆ. ನನಗೆ ತೂಕದ್ದೆನಿಸುವ ಆಕ್ಷೇಪ ಎತ್ತರದ್ದು. ಟೇಬಲ್, ಪ್ಲೇಟ್, ಚಕ್ ಒಂದರ ಮೇಲೊಂದು ಕೂತಾಗ ಸಣ್ಣ ಮಷಿನ್ನಿನಲ್ಲಿ ಸ್ಪಿಂಡಲ್ಲಿನ ಕೆಳಗೆ ಡ್ರಿಲ್ ಇಳಿಸಲೂ ಜಾಗ ಉಳಿಯದು. ಬೋಲ್ಟಿನ ತಲೆ ಹೂಳುವಷ್ಟು ದಪ್ಪ ಮಾತ್ರ ಪ್ಲೇಟಿಗೆ ಇಟ್ಟು, ಡ್ರಿಲ್ ಚಕ್ ತೆಗೆದು ಕಾಲೆಟ್ಟಿನಲ್ಲಿ ಗಿಡ್ಡ ಡ್ರಿಲ್ ಹಿಡಿದರೆ ಬೇಕಾದಷ್ಟು ಜಾಗ ಸಿಗುತ್ತದೆ.