ಹರಿಹರದ ಕಟ್ಟೆಯ ಗಂಡ-ಹೆಂಡತಿ

ಹರಿಹರೇಶ್ವರನ ದರ್ಶನ ಮುಗಿಸಿ ತುಂಗಭದ್ರೆಯ ಕಡೆ ಹೊರಟಾಗ ಕಂಡ ಕಟ್ಟೆ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಅರಳಿ, ಬೇವು ಒಂದೇ ಗುಂಡಿಯಲ್ಲಿ ಬೆಳೆದಿವೆ. ಬೇವಿನ ಬೊಡ್ಡೆಯನ್ನು ಅರಳಿ ಎಷ್ಟು ಬಿಗಿಯಾಗಿ ತಬ್ಬಿದೆಯೆಂದರೆ, ಕುಂಕುಮ ಯಾವ ಮರದ್ದೆಂದು ಹೇಳಲಾಗದು. ಸುತ್ತಿದ ನೂಲಿನಡಿ ತೊಗಟೆಯೇ ಕಾಣದು.

‘ಇವಕ್ಕೆ ಮದ್ವಿ ಆಗೈತಪ್ಪಾ’ ಎಂದರು ಕಟ್ಟೆಯಲ್ಲಿ ಕೂತ ಅಜ್ಜಿ.

‘ಗಂಡು ಯಾರಜ್ಜಿ?’

‘ಅರಳಿ ಗಂಡು, ಬೇವು ಹೆಣ್ಣು. ಅಷ್ಟೂ ಗೊತ್ತಿಲ್ಲೇನು?’

ತಾಳಿ, ಅಕ್ಷತೆ, ಊಟ ಎಲ್ಲವೂ ಆಗಿತ್ತಂತೆ. 1224ರಲ್ಲಿ ಪೋಲಾಳ್ವ ದಂಡನಾಯಕ ಹರಿ, ಹರರನ್ನು ಒಂದೇ ಮೈಯಲ್ಲಿ ನಿಲ್ಲಿಸಿ ಗುಡಿ ಕಟ್ಟಿಸಿದ ಊರಿದು. ಎರಡು ಮರ ಒಂದಾಗುವುದು ಇಲ್ಲಿ ಯಾವ ದೊಡ್ಡ ಮಾತು! ನನಗೆ ಮೆಚ್ಚುಗೆಯಾದದ್ದು ಬೇರೆ: ಮದುವೆ ಮಾಡಿಸಿದ ಮರವನ್ನು ಯಾರೂ ಕಡಿಯರು. ಸಸಿಗೆ ಇದಕ್ಕಿಂತ ಗಟ್ಟಿ ಬೇಲಿ ನಾನು ಕಂಡಿಲ್ಲ.

ಅರಳಿ ರಾತ್ರಿಯೂ ಆಮ್ಲಜನಕ ಬಿಡುತ್ತದೆಂಬ ವಾಟ್ಸ್‌ಆ್ಯಪ್ ಪಾಠವನ್ನು ನಾನು ನಂಬುವುದಿಲ್ಲ. ಬೇಕೂ ಇಲ್ಲ. ಉದ್ದ ತೊಟ್ಟಿನ ಆ ಎಲೆ ಗಾಳಿ ಇಲ್ಲದಂತಿರುವಾಗಲೂ ನಡುಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಬಂದವನಿಗೆ ಆ ಸದ್ದೇ ಅರ್ಧ ತಂಪು.

1950ರಲ್ಲಿ ಕೆ.ಎಂ. ಮುನ್ಷಿ ವನಮಹೋತ್ಸವ ಶುರುಮಾಡಿದ ಮೇಲೆ ನಾವು ನೆಟ್ಟ ಸಸಿಗಳ ಲೆಕ್ಕ ಇಡುವುದನ್ನು ಕಲಿತೆವು, ಯಾವ ಮರ ಎಂದು ಕೇಳುವುದನ್ನು ಮರೆತೆವು. ಅದನ್ನು ಕೇಳಿದವರು ಹಾನಗಲ್ ತಾಲ್ಲೂಕಿನ ಕುಸನೂರಿನವರು. ಹರಿಹರದ ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು 1984ರಲ್ಲಿ ಸರ್ಕಾರದ ಪಾಲೂ ಇದ್ದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟಿತು. ಹಳ್ಳಿಗಳ ದನ ಮೇಯುವ, ಸೌದೆ ಸಿಗುವ ಜಮೀನು ಅದಕ್ಕೆ ಹೋಯಿತು. 1987ರ ನವೆಂಬರ್ 14ರಂದು ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಜತೆ ಜನ ನೀಲಗಿರಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಎಂಬ ಆ ಸತ್ಯಾಗ್ರಹದ ಹೆಸರೇ ಎಷ್ಟು ಚೆಂದ! ಜಮೀನು ಕೊಟ್ಟದ್ದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಗಿಡ ಕೀಳುವುದೂ ಮರದ ಹಬ್ಬವೇ ಆದ ದಿನ ಆ ನವೆಂಬರ್ 14 ಒಂದೇ ಇರಬೇಕು.

ಹೊರಡುವಾಗ ಅಜ್ಜಿ ಒಂದು ಎಣ್ಣೆ ಡಬ್ಬಿ ತೋರಿಸಿದರು. ಹಕ್ಕಿ ಹಾಕಿದ ಬೀಜ, ಬಚ್ಚಲ ಗೋಡೆಯಲ್ಲಿ ಎದ್ದಿತ್ತಂತೆ; ಕಿತ್ತು ಮಣ್ಣಿಗಿಟ್ಟಿದ್ದಾರೆ. ನಾಲ್ಕೇ ಎಲೆ, ನಾಲ್ಕೂ ಅಲ್ಲಾಡುತ್ತಿದ್ದವು.

‘ಇನ್ನ ಇವನಿಗೊಂದು ಹೆಣ್ಣು ನೋಡ್ಬೇಕು’ ಎಂದರು.